ಗೋಡೋ ಪ್ಲಗಿನ್: ಮೂಲ ಕೋಡ್ ಮುಟ್ಟದೆ ಹೊಸ ಭಾಗ ಸೇರಿಸುವುದು ಹೇಗೆ?

ಕಥೆಪೆಟ್ಟಿಗೆ:
ನಮಸ್ಕಾರ. ಆಟ ಕಟ್ಟುವ ಎಂಜಿನ್ ಗೋಡೋ 4ರಲ್ಲಿ ಸಂಭಾಷಣೆಗೆ ಒಂದು ಪ್ಲಗಿನ್ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಕಥೆ ಹೇಳುವ ಆಟಗಳಿಗೆ ಬೇಕು ಅಂತ ಶುರು ಮಾಡಿದ್ದು. ಮಾತು, ಆಯ್ಕೆ, ಷರತ್ತು ಸದ್ಯಕ್ಕೆ ಇವೆ. ಎಡಿಟರ್‌ನಲ್ಲಿ ಒಂದು ಡಾಕ್ (ಪಕ್ಕದ ಫಲಕ) ಕೂಡ ಬರುತ್ತದೆ. ಈಗ ಒಬ್ಬ ಗೆಳೆಯನಿಗೆ ದನಿ ಬೇಕು, ಇನ್ನೊಬ್ಬರಿಗೆ ಕ್ವೆಸ್ಟ್ (ಆಟಗಾರನಿಗೆ ಒಪ್ಪಿಸುವ ಕೆಲಸ) ಬೇಕು. ಯಾರು ಏನು ಕೇಳಿದರೂ ಸಂಭಾಷಣೆ ಓಡಿಸುವ ನನ್ನ ರನ್ನರ್‌ನಲ್ಲಿ, ಯಾವ ಬಗೆಗೆ ಏನು ಮಾಡಬೇಕು ಅಂತ ವಿಂಗಡಿಸುವ ಮ್ಯಾಚ್ ಬ್ಲಾಕ್ ಬೆಳೆಯುತ್ತದೆ. ಅವರವರ ಭಾಗವನ್ನು ಅವರೇ ಬರೆದು ಸೇರಿಸುವ ಹಾಗೆ ಹೇಗೆ ಕಟ್ಟಲಿ? ಇದಕ್ಕೆ ಸಿ++, ಅದನ್ನು ಗೋಡೋಗೆ ಜೋಡಿಸುವ ಜಿಡಿಎಕ್ಸ್‌ಟೆನ್ಶನ್ ಕಡೆ ಹೋಗಬೇಕಾ?

ನೋಡ್‌ಮರ:
ಸಿ++ ಬೇಡ. ಲೆಕ್ಕ ತುಂಬಾ ಭಾರವಾದಾಗ, ಇಲ್ಲವೇ ಹೊರಗಿನ ಲೈಬ್ರರಿ ಜೋಡಿಸುವಾಗ ಅದು ಬೇಕು. ಪ್ರತಿ ಪ್ಲಾಟ್‌ಫಾರ್ಮ್‌ಗೂ ಬೇರೆ ಬಿಲ್ಡ್ ಮಾಡುವ ಕೆಲಸ ಬೇರೆ. ಸಂಭಾಷಣೆಗೆ ಗೋಡೋದ ಸ್ವಂತ ಭಾಷೆ ಜಿಡಿಸ್ಕ್ರಿಪ್ಟ್ ಧಾರಾಳವಾಗಿ ಸಾಕು.

ಮ್ಯಾಚ್ ಬ್ಲಾಕ್ ಕಿತ್ತುಹಾಕಿ. ಡೇಟಾವನ್ನು ಫೈಲಾಗಿ ಉಳಿಸಬಲ್ಲ ರಿಸೋರ್ಸ್ ಕ್ಲಾಸಿನಿಂದ ಒಂದು ಮೂಲ ಕ್ಲಾಸ್ ಮಾಡಿ, 'ಹೆಜ್ಜೆ' ಅಂತ ಇಟ್ಟುಕೊಳ್ಳೋಣ. ಅದರಲ್ಲಿ 'ನಡೆಸು' ಅಂತ ಒಂದೇ ಫಂಕ್ಷನ್. ತನ್ನ ಕೆಲಸ ಮುಗಿಸಿ ಮುಂದಿನ ಹೆಜ್ಜೆ ಯಾವುದು ಅಂತ ಅದು ಹೇಳಬೇಕು. ಮಾತು, ಆಯ್ಕೆ, ದನಿ, ಕ್ವೆಸ್ಟ್ ಎಲ್ಲವೂ ಅದರ ಮಕ್ಕಳು. ರನ್ನರ್ ಅವೇಯ್ಟ್ ಹಾಕಿ ಕಾಯುತ್ತದೆ, ಬಂದ ಹೆಜ್ಜೆಯನ್ನು ನಡೆಸುತ್ತದೆ, ಅಷ್ಟೇ. ಅದು ಯಾವ ಬಗೆಯದು ಅಂತ ರನ್ನರ್‌ಗೆ ಗೊತ್ತೇ ಇರಬಾರದು. ನಿಮ್ಮ ಮಾತು, ಆಯ್ಕೆಗಳನ್ನೂ ಇದೇ ದಾರಿಯಲ್ಲಿ ತನ್ನಿ. ನಿಮಗೇ ಒಳಬಾಗಿಲು ಇದ್ದರೆ ಹೊರಗಿನವರ ಬಾಗಿಲಲ್ಲಿ ಏನು ತೊಂದರೆ ಅಂತ ಗೊತ್ತಾಗುವುದೇ ಇಲ್ಲ.

ಡಾಕ್‌ನ ಮೆನುಗೆ ಹೊಸ ಬಗೆಗಳು ತಾವಾಗಿ ಬರಬೇಕು ಅಲ್ವಾ? ಪ್ರಾಜೆಕ್ಟ್ ಸೆಟ್ಟಿಂಗ್ಸ್ ಕ್ಲಾಸಿನ ಗೆಟ್ ಗ್ಲೋಬಲ್ ಕ್ಲಾಸ್ ಲಿಸ್ಟ್ ಕರೆಯಿರಿ. ಕ್ಲಾಸ್ ನೇಮ್ ಸಾಲಿನಲ್ಲಿ ಹೆಸರು ಕೊಟ್ಟ ಎಲ್ಲ ಸ್ಕ್ರಿಪ್ಟ್‌ಗಳ ಹೆಸರು, ದಾರಿ, ತಾಯಿ ಕ್ಲಾಸ್ ಸಿಗುತ್ತವೆ. ಅಲ್ಲಿ ಸಿಗುವುದು ನೇರ ತಾಯಿ ಮಾತ್ರ, ಹಾಗಾಗಿ 'ಹೆಜ್ಜೆ' ಸಿಗುವವರೆಗೆ ಮೇಲೆ ಹತ್ತುತ್ತಾ ಹೋಗಬೇಕು. ಕ್ಲಾಸ್ ನೇಮ್‌ಗಳು ಇಡೀ ಪ್ರಾಜೆಕ್ಟಿಗೆ ಒಂದೇ ಪಟ್ಟಿ. ಬರೀ 'ಕ್ವೆಸ್ಟ್' ಅಂತ ಇಟ್ಟರೆ ಆಟದವರ ಸ್ವಂತ ಕ್ವೆಸ್ಟ್‌ಗೆ ಡಿಕ್ಕಿ ಹೊಡೆಯುತ್ತದೆ. ನಿಮ್ಮ ಪ್ಲಗಿನ್ ಹೆಸರನ್ನು ಮುಂದೆ ಸೇರಿಸಿ.

ಆಡ್‌ಆನ್ಸ್ ಫೋಲ್ಡರ್ ಒಳಗೆ ಎಡಿಟರ್ ಕೋಡ್ ಬೇರೆ, ಆಟದಲ್ಲಿ ಓಡುವ ಕೋಡ್ ಬೇರೆ ಇಡಿ. ಎಕ್ಸ್‌ಪೋರ್ಟ್ ಆದ ಆಟದಲ್ಲಿ ಎಡಿಟರ್‌ಪ್ಲಗಿನ್ ಎಂಬ ಕ್ಲಾಸೇ ಇರುವುದಿಲ್ಲ. ಓಡುವ ಸ್ಕ್ರಿಪ್ಟ್‌ನಲ್ಲಿ ಅದರ ಹೆಸರು ಬಂದರೂ ಸಾಕು, ಎಡಿಟರ್‌ನಲ್ಲಿ ಚೆನ್ನಾಗಿ ನಡೆದದ್ದು ಫೋನಿನಲ್ಲಿ ಬೀಳುತ್ತದೆ.

ಸೀನ್‌ಸಂತೆ:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಡಾಕ್‌ನಿಂದ ಹೆಜ್ಜೆಯ ಫಂಕ್ಷನ್ ಕರೆಯುವುದಾದರೆ ಆ ಸ್ಕ್ರಿಪ್ಟ್‌ಗೂ ಎಡಿಟರ್ ಒಳಗೆ ಓಡಲು ಟೂಲ್ ಗುರುತು ಬೇಕು. ತಾಯಿ ಕ್ಲಾಸಿಗೆ ಹಾಕಿದರೆ ಮಕ್ಕಳಿಗೆ ಬರುವುದಿಲ್ಲ, ಪ್ರತಿಯೊಂದರಲ್ಲೂ ಬರೆಯಬೇಕು. ಹೊಸ ಹೆಜ್ಜೆ ಬರೆಯುವವರಿಗೆ ಒಂದು ಮಾದರಿ ಫೈಲ್ ಕೊಟ್ಟುಬಿಡಿ.

ಪ್ಲಗಿನ್ ಆನ್ ಆದಾಗ ಓಡುವ ಎಂಟರ್ ಟ್ರೀಯಲ್ಲಿ ಏನೇನು ಸೇರಿಸುತ್ತೀರೋ, ಆಫ್ ಆದಾಗ ಓಡುವ ಎಕ್ಸಿಟ್ ಟ್ರೀಯಲ್ಲಿ ಅಷ್ಟನ್ನೂ ತೆಗೆಯಿರಿ. ಡಾಕ್ ಬಿಡಿಸಿದರೆ ಸಾಲದು, ಅದನ್ನು ಮೆಮೊರಿಯಿಂದ ತೆಗೆಯಲು ಕ್ಯೂ ಫ್ರೀ ಕೂಡ ಕರೆಯಬೇಕು. ಪ್ಲಗಿನ್ ಆಫ್ ಮಾಡಿದವರ ಎಡಿಟರ್ ಮೊದಲಿನ ಹಾಗೇ ಇರಬೇಕು. ಬಳಸುವವರಿಗೆ ನಾವು ಕೊಡುವ ಮರ್ಯಾದೆ ಅದು.

ಕನ್ನಡಕ್ಕೆ ಅಂದಿರಲ್ಲ, ಅಕ್ಷರ ಒಂದೊಂದಾಗಿ ಮೂಡುವ ಎಫೆಕ್ಟ್ ಇದ್ದರೆ ಪಠ್ಯ ತೋರಿಸುವ ಲೇಬಲ್‌ನ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ನೋಡಿ. ಮೊದಲೇ ಇರುವ ಆಯ್ಕೆ ಶೇಪಿಂಗ್‌ಗೆ (ಅಕ್ಷರ, ಒತ್ತು ಕೂಡಿಸಿ ರೂಪ ಕೊಡುವ ಹಂತ) ಮುಂಚೆ ಕತ್ತರಿಸುತ್ತದೆ. 'ಅಮ್ಮ' ಬರೆಯುವಾಗ ಒಂದು ಕ್ಷಣ 'ಅಮ್' ಕಾಣಿಸಿ ಆಮೇಲೆ ಒತ್ತು ಬರುತ್ತದೆ. ಶೇಪಿಂಗ್ ಆದ ಮೇಲೆ ಕತ್ತರಿಸುವ ಆಯ್ಕೆ ಹಾಕಿ. ಓದುವಾಗ ಕಣ್ಣಿಗೆ ಎಷ್ಟು ಹಿತ ಗೊತ್ತಾ!

ಕಥೆಪೆಟ್ಟಿಗೆ:
ಇಬ್ಬರಿಗೂ ಥ್ಯಾಂಕ್ಸ್. ಮಾತನ್ನು ಹೆಜ್ಜೆಯಾಗಿ ಬದಲಿಸಿದೆ, ರನ್ನರ್ ಚಿಕ್ಕದಾಗಿಹೋಯಿತು! ಕ್ವೆಸ್ಟ್ ಮುಗಿದದ್ದು ದನಿ ಭಾಗಕ್ಕೆ ತಿಳಿಯಬೇಕು ಅಂದರೆ?

ನೋಡ್‌ಮರ:
ನೇರವಾಗಿ ಬೇಡ. ಕ್ವೆಸ್ಟ್ ಒಂದು ಸಿಗ್ನಲ್ ಬಿಡಲಿ, ಬೇಕಾದವರು ಕನೆಕ್ಟ್ ಆಗಲಿ. ದನಿ ಭಾಗ ಹಾಕಿಕೊಳ್ಳದ ಪ್ರಾಜೆಕ್ಟ್‌ನಲ್ಲೂ ಕ್ವೆಸ್ಟ್ ನಡೆಯಬೇಕು, ಅದನ್ನೇ ಪರೀಕ್ಷೆ ಮಾಡಿ. ಮತ್ತೆ, ಗೋಡೋ 4.4ರಿಂದ ಪ್ರತಿ ಸ್ಕ್ರಿಪ್ಟ್ ಪಕ್ಕ ಅದರ ಗುರುತು ಇರುವ ಒಂದು ಯುಐಡಿ ಫೈಲ್ ಬರುತ್ತದೆ. ಅದನ್ನೂ ಗಿಟ್‌ಗೆ ಸೇರಿಸಿ, ಜನ ಬರೆದಿಟ್ಟ ಸಂಭಾಷಣೆಗಳು ನಿಮ್ಮ ಸ್ಕ್ರಿಪ್ಟ್‌ಗಳನ್ನು ಮೊದಲು ಹುಡುಕುವುದು ಅದರಿಂದಲೇ.