ಹಾರುವ ಜಾಗದವರೆಗೆ ಹೋಗಿ ಹಿಂದಿರುಗಿದವಳು ನಾನು. ಎರಡನೇ ಸಲ ಹೇಗೆ ಹೋಗಲಿ?

ಪ್ರಶ್ನೆ: ಮೋಡದನೆರಳು

ಕಳೆದ ವರ್ಷ ಪ್ರವಾಸದಲ್ಲಿದ್ದಾಗ ಪ್ಯಾರಾಗ್ಲೈಡಿಂಗ್ ಮಾಡಬೇಕೆಂದು ಬೆಟ್ಟದ ನೆತ್ತಿಯವರೆಗೆ ಹೋಗಿದ್ದೆ. ಹೆಲ್ಮೆಟ್ ತೊಡಿಸಿ, ಎದೆಗೂ ತೊಡೆಗೂ ಪಟ್ಟಿ ಬಿಗಿದು ನಿಲ್ಲಿಸಿದರು. ಮುಂದೆ ಇಳಿಜಾರಿನ ಹುಲ್ಲು, ಹುಲ್ಲು ಮುಗಿದಲ್ಲಿಂದ ಬರೀ ಆಕಾಶ. ಬೆನ್ನ ಹಿಂದಿದ್ದ ಪೈಲಟ್ "ಓಡಿ" ಎಂದರು. ಮೂರು ಹೆಜ್ಜೆ ಓಡಿದೆ. ಯಾರೋ ಹಿಂದಿನಿಂದ ಜಗ್ಗಿದಂತಾಯಿತು, ಮೊಣಕಾಲು ಸೋತು ಕುಳಿತುಬಿಟ್ಟೆ. ಮೇಲೇಳುತ್ತಿದ್ದ ಬಟ್ಟೆಯ ರೆಕ್ಕೆ ಪಟಪಟ ಬಡಿದುಕೊಂಡು ಪಕ್ಕಕ್ಕೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಪೈಲಟ್ ಬೈಯಲಿಲ್ಲ, ಇನ್ನೊಮ್ಮೆ ನೋಡೋಣವೇ ಎಂದು ಕೇಳಿದರು. ಬೇಡವೆಂದು ಪಟ್ಟಿ ಬಿಚ್ಚಿಸಿಕೊಂಡೆ. ನನ್ನ ನಂತರ ತಂಗಿ ಹಾರಿದಳು. ಅವಳು ಕಣಿವೆಯ ಮೇಲೆ ಸಣ್ಣಗಾಗುತ್ತ ಹೋದದ್ದನ್ನು ನೋಡುತ್ತ ನಿಂತಿದ್ದೆ.

ಮುಂದಿನ ತಿಂಗಳು ಮತ್ತೆ ಅದೇ ಬೆಟ್ಟದ ದಾರಿಯಲ್ಲಿ ಪ್ರಯಾಣವಿದೆ. ನನಗೆ ಏಣಿ ಹತ್ತುವುದೇ ಕಷ್ಟ, ಎತ್ತರದ ಬಾಲ್ಕನಿಯ ಕಂಬಿಯ ಹತ್ತಿರ ಹೋದರೆ ಅಂಗಾಲು ಜುಮ್ಮೆನ್ನುತ್ತದೆ. ಆದರೆ ವಿಮಾನದ ಕಿಟಕಿಯಿಂದ ಗಂಟೆಗಟ್ಟಲೆ ಕೆಳಗೆ ನೋಡಬಲ್ಲೆ. ಇದೇಕೆ ಹೀಗೆ? ಭಯ ಪೂರ್ತಿ ಹೋದ ಮೇಲೆ ಹಾರಬೇಕೇ, ಅಥವಾ ಅದನ್ನು ಇಟ್ಟುಕೊಂಡೇ ಹಾರಬಹುದೇ? ಅನುಭವ ಇದ್ದವರು ಹೇಳಿ.

ಉತ್ತರ: ಅಲೆದಾಟ

ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರವಿದೆ. ವಿಮಾನದಲ್ಲಿ ಹೆದರದವರು ಏಣಿಯ ಮೇಲೆ ಹೆದರುತ್ತಾರೆ ಎಂದರೆ ತೊಂದರೆ ಎತ್ತರದ್ದಲ್ಲ, ಅಂಚಿನದು. ನಾವು ನಿಂತಿರುವಾಗ ದೇಹ ಸದಾ ಸ್ವಲ್ಪ ತೂಗುತ್ತಿರುತ್ತದೆ. ಹತ್ತಿರದ ಗೋಡೆ, ಮರ, ನೆಲವನ್ನು ನೋಡಿ ಕಣ್ಣು ಆ ತೂಗಾಟವನ್ನು ಅಳೆಯುತ್ತದೆ, ಕಾಲು ಸರಿಪಡಿಸುತ್ತದೆ. ಅಂಚಿನಲ್ಲಿ ಹತ್ತಿರದ ವಸ್ತುಗಳೇ ಇರುವುದಿಲ್ಲ. ದೂರದವು ಅಷ್ಟು ತೂಗಾಟಕ್ಕೆ ಕದಲುವುದಿಲ್ಲ. ಕಣ್ಣಿನ ಆಸರೆ ತಪ್ಪಿದ ಕೂಡಲೇ ಕಾಲು ಬಿಗಿಯುತ್ತದೆ, ಅಂಗಾಲು ಜುಮ್ಮೆನ್ನುತ್ತದೆ. ಹಾರುವಾಗಲಾದರೋ ನೀವು ಕುಳಿತಿರುತ್ತೀರಿ. ಕಾಯ್ದುಕೊಳ್ಳಬೇಕಾದ ಸಮತೋಲನವೇ ಇಲ್ಲ. ನಾನೂ ಬಾಲ್ಕನಿಗೆ ಹೆದರುವವನು. ಕಾಲು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಆ ಜುಮ್ಮು ನಿಂತೇಹೋಯಿತು, ಅದನ್ನು ಕಂಡು ನನಗೇ ಆಶ್ಚರ್ಯವಾಯಿತು. ಭಯ ಇರಲಿಲ್ಲವೆಂದಲ್ಲ, ಆದರೆ ಅದು ಬೇರೆ ಭಯ, ಕೈ ಹಿಡಿದು ಕೂರಿಸಿಕೊಳ್ಳಬಹುದಾದಂಥದ್ದು.

ಅಂಚಿನ ಭಯವನ್ನು ಒಂದು ತಿಂಗಳಲ್ಲಿ ಕಡಿಮೆ ಮಾಡಿಕೊಳ್ಳಲು ಸಾಧ್ಯವಿದೆ, ಆದರೆ ಒಮ್ಮೆಲೇ ಅಲ್ಲ. ಜರ್ಮನ್ ಕವಿ ಗಯಟೆ 1770ರಲ್ಲಿ ಓದಲೆಂದು ಸ್ಟ್ರಾಸ್‌ಬರ್ಗ್‌ಗೆ ಹೋದಾಗ ಎತ್ತರಕ್ಕೆ ತಲೆ ಸುತ್ತುವ ಕಷ್ಟ ಅವನಿಗೂ ಇತ್ತು. ಅಲ್ಲಿನ ಕೆಥೆಡ್ರಲ್ ಗೋಪುರ 142 ಮೀಟರ್, ಆ ಕಾಲಕ್ಕೆ ಜಗತ್ತಿನಲ್ಲೇ ಎತ್ತರದ ಕಟ್ಟಡ. ಅದರ ತುದಿಗೆ ಒಬ್ಬನೇ ಹತ್ತಿ, ಶಿಖರದ ಕೆಳಗಿನ ಕಿರಿದಾದ ಜಾಗದಲ್ಲಿ ಕಾಲು ಗಂಟೆ ಕುಳಿತು, ಆಮೇಲೆ ಹೊರಗೆ ಬಂದು, ಹಿಡಿಯಲು ಹೆಚ್ಚೇನೂ ಇಲ್ಲದ ಪುಟ್ಟ ಕಲ್ಲಿನ ಮೇಲೆ ನಿಂತ. ಹೀಗೆ ಮತ್ತೆ ಮತ್ತೆ ಮಾಡಿದ, ಅಳುಕು ತಾನಾಗಿ ಸವೆಯುವವರೆಗೆ. ಗೋಪುರ ಹತ್ತಿದ್ದಕ್ಕಿಂತ ಒಳಗೆ ಕುಳಿತ ಆ ಕಾಲು ಗಂಟೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಓಡಿಹೋಗಲಿಲ್ಲ, ಮುಂದೆಯೂ ನುಗ್ಗಲಿಲ್ಲ.

ನೀವು ಗೋಪುರ ಹುಡುಕಬೇಕಿಲ್ಲ. ಗಟ್ಟಿ ಕಂಬಿ ಇರುವ ಎರಡನೇ ಮಹಡಿಯ ಬಾಲ್ಕನಿ ಸಾಕು. ಕಂಬಿಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ, ಜುಮ್ಮು ಏರಿ ಇಳಿಯುವವರೆಗೆ ಕಾಯಿರಿ. ಇಳಿದ ಮೇಲೆಯೇ ಒಂದು ಹೆಜ್ಜೆ ಮುಂದೆ. ಜುಮ್ಮು ಏರಿದ್ದಾಗಲೇ ಒಳಗೆ ಓಡಿದರೆ, ಓಡಿದ್ದರಿಂದಲೇ ಬದುಕಿದೆ ಎಂದು ದೇಹ ಕಲಿಯುತ್ತದೆ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ; ಎದೆಬಡಿತ ಇಳಿಯುವುದು ಉಸಿರು ಬಿಡುವಾಗ.

ಉತ್ತರ: ಎರಡನೇಸೀಟು

ನಾನು ಪ್ರಯಾಣಿಕರನ್ನು ಕರೆದುಕೊಂಡು ಹಾರುವ ಪೈಲಟ್. ನಿಮ್ಮನ್ನು ಹಿಂದಿನಿಂದ ಜಗ್ಗಿದ್ದು ಯಾರು ಎಂದು ಮೊದಲು ಹೇಳುತ್ತೇನೆ: ರೆಕ್ಕೆ. ನೆಲದ ಮೇಲೆ ಹಾಸಿದ ರೆಕ್ಕೆ ಗಾಳಿ ತುಂಬಿಕೊಂಡು ತಲೆಯ ಮೇಲಕ್ಕೆ ಬರುವಾಗ ಇಬ್ಬರನ್ನೂ ಹಿಂದಕ್ಕೆ ಎಳೆಯುತ್ತದೆ. ಅದು ಎಲ್ಲ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು. ಮೊದಲ ಸಲ ಬಂದವರಿಗೆ ಮಾತ್ರ "ನಿಲ್ಲು" ಎಂದು ಕೇಳಿಸುತ್ತದೆ. ನಿಮಗೆ ಇದನ್ನು ಮೊದಲೇ ಯಾರೂ ಹೇಳದಿದ್ದುದು ನಿಮ್ಮ ತಪ್ಪಲ್ಲ. ಎಳೆತ ಬಂದಾಗ ಎದೆ ಮುಂದೆ ಚಾಚಿ, ಕೆಸರಿನಲ್ಲಿ ಗಾಡಿ ಎಳೆಯುವಂತೆ ತಳ್ಳಬೇಕು. ಒಂದೆರಡು ಕ್ಷಣ ಅಷ್ಟೆ. ರೆಕ್ಕೆ ತಲೆಯ ಮೇಲೆ ಬಂದ ಕೂಡಲೇ ಎಳೆತ ಹೋಗಿ ಮೈ ಹಗುರಾಗುತ್ತದೆ. ಆಗಲೂ ಓಡುತ್ತಲೇ ಇರಿ, ಕಾಲಿಗೆ ನೆಲ ಸಿಗದಿದ್ದರೂ ಓಡಿ. ಕುಳಿತುಕೊಳ್ಳಿ ಎಂದು ಪೈಲಟ್ ಹೇಳುವವರೆಗೆ ಕೂರಬಾರದು. ಪ್ರಯಾಣಿಕರು ಬೇಗ ಕೂರುವುದೇ ನಮಗೆ ಅತಿ ದೊಡ್ಡ ತಲೆನೋವು.

ಹಾರುವ ಮೊದಲು ತೊಡೆಯ ಎರಡೂ ಪಟ್ಟಿ, ಎದೆಯ ಪಟ್ಟಿ, ಎರಡು ಮುಖ್ಯ ಕೊಂಡಿಗಳನ್ನು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ತೊಡೆಯ ಪಟ್ಟಿ ಮರೆತು ಹಾರಿದ್ದರಿಂದ ಆದ ಅಪಘಾತಗಳಿವೆ. ತುರ್ತು ಪ್ಯಾರಾಚೂಟ್ ಎಲ್ಲಿದೆ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವ ಪೈಲಟ್ ಆದರೆ ಅಲ್ಲಿಂದ ಹೊರಟುಬಿಡಿ, ಅದು ಹೇಡಿತನವಲ್ಲ. ಬೆಳಗಿನ ಹೊತ್ತು ಆರಿಸಿಕೊಳ್ಳಿ. ಬಿಸಿಲೇರಿದಂತೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಕುಲುಕಾಟ ಹೆಚ್ಚು. ಗಿರಕಿ ಬೇಡ, ನೇರವಾಗಿ ಹೋಗಿ ಇಳಿಯೋಣ ಎಂದು ಮೊದಲೇ ಹೇಳಿ. ನೀವು ಹೆದರುತ್ತೀರಿ ಎಂಬುದನ್ನೂ ಹೇಳಿ. ಪಟ್ಟಿಯ ಮೇಲಿನ ನಿಮ್ಮ ಬೆರಳು ನೋಡಿದರೆ ನಮಗೆ ಹೇಗೂ ಗೊತ್ತಾಗುತ್ತದೆ, ಆದರೆ ಹೇಳಿಕೊಂಡವರ ಭುಜ ಅಲ್ಲೇ ಸ್ವಲ್ಪ ಇಳಿಯುತ್ತದೆ.

ಭಯ ಹೋಗುವವರೆಗೆ ಕಾಯಬೇಡಿ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಪ್‌ಸ್ಟೈನ್ ಮತ್ತು ಫೆಂಜ್ ಪ್ಯಾರಾಚೂಟ್ ಜಿಗಿತಗಾರರ ಎದೆಬಡಿತವನ್ನು ಅಳೆದರು. ಹೊಸಬರ ಎದೆಬಡಿತ ಜಿಗಿಯುವ ಗಳಿಗೆಯವರೆಗೂ ಏರುತ್ತಲೇ ಹೋಗುತ್ತಿತ್ತು. ಅನುಭವಿಗಳದೂ ಏರುತ್ತಿತ್ತು, ಆದರೆ ಬೇಗ ಏರಿ ಜಿಗಿಯುವ ಹೊತ್ತಿಗೆ ಇಳಿದಿರುತ್ತಿತ್ತು. ನನ್ನದೂ ಹಾಗೆಯೇ, ಬೆಟ್ಟದ ಬುಡದಲ್ಲೇ ಒಮ್ಮೆ ಹೊಟ್ಟೆ ಹಿಂಡುತ್ತದೆ. ಆಗ ಆಕಾಶವನ್ನು ಸರಿಯಾಗಿ ನೋಡುತ್ತೇನೆ.

ಉತ್ತರ: ನೆಲದಮೇಲೆ

ಒಂದು ಮಾತು ಸೇರಿಸುತ್ತೇನೆ. ನಾನು ಎರಡು ಸಲ ಹೋಗಿ ಎರಡು ಸಲವೂ ಹಾರದೆ ಬಂದೆ. ಎರಡನೇ ಸಲ ಬಂದಾಗ ಕೊರಗಲಿಲ್ಲ, ಏಕೆಂದರೆ ನನಗೆ ಹಾರುವ ಆಸೆಯೇ ಇರಲಿಲ್ಲ, ಜೊತೆಯವರಿಗೆ ಇತ್ತು. ತಂಗಿ ಹಾರಿದ್ದು ನಿಮ್ಮನ್ನು ನೋಯಿಸಿತೋ, ನೀವು ಹಾರದಿದ್ದುದು ನೋಯಿಸಿತೋ? ಅದನ್ನು ಕೇಳಿಕೊಂಡು ಹೋಗಿ.

ಮೋಡದನೆರಳು

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ. ಕೊನೆಯ ಪ್ರಶ್ನೆ ಮೂರು ದಿನ ತಲೆಯಲ್ಲಿತ್ತು. ತಂಗಿ ಈ ಸಲ ಹಾರುವುದಿಲ್ಲ, ಕೆಳಗೆ ಕಾಯುತ್ತೇನೆ ಎಂದಳು. ಆಗಲೂ ನನಗೆ ಹೋಗಬೇಕೆನ್ನಿಸಿತು, ಅಲ್ಲಿಗೆ ಗೊತ್ತಾಯಿತು.

ಬಾಲ್ಕನಿಯಲ್ಲಿ ಹನ್ನೊಂದು ಸಂಜೆ ನಿಂತೆ. ಕಂಬಿಯನ್ನು ಮುಟ್ಟಿದ್ದು ಏಳನೆಯ ಸಂಜೆ.

ಬೆಟ್ಟಕ್ಕೆ ಹೋದ ಮೊದಲ ದಿನ ಗಾಳಿ ತಿರುಗಿತು. ದಿಕ್ಕು ತೋರಿಸುವ ಬಟ್ಟೆಯ ಚೀಲ ಬೆಟ್ಟದ ಕಡೆಯಿಂದ ಕಣಿವೆಯ ಕಡೆಗೆ ಚಾಚಿತ್ತು; ಪೈಲಟ್ ಅದನ್ನು ನೋಡಿ ಇವತ್ತು ಆಗದು ಎಂದರು. ಹಾಯೆನಿಸಿತು. ರಾತ್ರಿಯ ಹೊತ್ತಿಗೆ ಆ ನೆಮ್ಮದಿ ಹೋಗಿ ಬೇಸರ ಬಂದಿತ್ತು.

ಮರುದಿನ ಬೆಳಿಗ್ಗೆ ಪಟ್ಟಿಗಳನ್ನು ನಾನೇ ಮುಟ್ಟಿ ನೋಡಿದೆ, ತೊಡೆಯದನ್ನು ಎರಡು ಸಲ. ಭಯವಾಗುತ್ತಿದೆ ಎಂದು ಹೇಳಿದೆ. ಹೆಜ್ಜೆಗಳನ್ನು ಜೋರಾಗಿ ಎಣಿಸಿ ಎಂದರು. ನಾಲ್ಕನೆಯದಕ್ಕೆ ಅದೇ ಎಳೆತ ಬಂತು. ಈ ಸಲ ಅದು ಯಾರೆಂದು ಗೊತ್ತಿತ್ತು, ತಳ್ಳಿದೆ. ಒಂಬತ್ತರವರೆಗೆ ನೆಲವಿತ್ತು. ಹತ್ತು, ಹನ್ನೊಂದು ಎಂದು ಗಾಳಿಯಲ್ಲಿ ಎಣಿಸಿದೆ.

ಜುಮ್ಮು ನಿಜವಾಗಿಯೂ ನಿಂತಿತು. ಕೆಳಗೆ ಹೊಲದ ಮೇಲೆ ನಮ್ಮ ರೆಕ್ಕೆಯ ನೆರಳು ಉಗುರಿನಷ್ಟು ಚಿಕ್ಕದಾಗಿ ಬದುಗಳನ್ನು ದಾಟುತ್ತ ಹೋಗುತ್ತಿತ್ತು. ಇಳಿದ ಮೇಲೆ ನೋಡಿದರೆ ಎಡ ಅಂಗೈಯಲ್ಲಿ ಪಟ್ಟಿಯ ನೇಯ್ಗೆ ಅಚ್ಚೊತ್ತಿತ್ತು. ಬಲ ಅಂಗೈಯಲ್ಲಿ ಇರಲಿಲ್ಲ. ಆ ಕೈಯನ್ನು ಬಿಟ್ಟು ತಂಗಿಗೆ ಬೀಸಿದ್ದೆ.