ಮಸ್ಟಾಂಗ್ ಮೇಲೆ ಜೋಡಿ ಪಟ್ಟೆ: ಪೇಂಟ್ ಮಾಡಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ

ನಮಸ್ಕಾರ. ಕಾರು 2017ರ ಫೋರ್ಡ್ ಮಸ್ಟಾಂಗ್ ಜಿಟಿ, ಗಾಢ ನೀಲಿ, ಬೆಂಗಳೂರು ನೋಂದಣಿ. ಮುಂದಿನ ಬಂಪರಿನಿಂದ ಡಿಕ್ಕಿ ತನಕ ನಡುವೆ ಎರಡು ಬಿಳಿ ಪಟ್ಟೆ ಬೇಕು. ಸ್ಟಿಕ್ಕರ್ ಬೇಡ, ಪೇಂಟೇ ಆಗಬೇಕು, ಕೈಯಾಡಿಸಿದರೆ ಅಂಚು ಸಿಗಬಾರದು. ಒಬ್ಬರು ಈಗಿರುವ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಪದರ) ಮೇಲೆ ಪಟ್ಟೆ ಹೊಡೆದು ಪಾಲಿಶ್ ಮಾಡಿದರೆ ಸಾಕು ಅಂತಾರೆ. ಇನ್ನೊಬ್ಬರು ಲೋಹದ ತನಕ ಕೆರೆಯದೆ ಆಗುವುದಿಲ್ಲ ಅಂತಾರೆ. ಯಾರ ಮಾತು ಕೇಳಲಿ? ಅಗಲ ಎಷ್ಟಿಡಬೇಕು, ಸಾಮಾನು ಎಷ್ಟು ಬೇಕು? ಆರ್‌ಸಿ ತೊಂದರೆ ಏನಾದರೂ ಇದೆಯಾ?

ಉತ್ತರ – ಪೇಂಟರ್

ಇಬ್ಬರ ಮಾತೂ ಬೇಡ. ಕಂಪನಿ ಪೇಂಟ್ ಸಿಪ್ಪೆ ಏಳದೆ, ಬಿರುಕು ಬಿಡದೆ ಇದ್ದರೆ ಲೋಹದ ತನಕ ಹೋಗಲೇಬೇಡಿ. ಕಾರ್ಖಾನೆಯಲ್ಲಿ ತೊಟ್ಟಿಯೊಳಗೆ ಮುಳುಗಿಸಿ ಹಾಕಿದ ಇ-ಕೋಟ್ (ವಿದ್ಯುತ್ತಿನಿಂದ ಕೂರಿಸುವ ತುಕ್ಕುತಡೆ ಪದರ) ಎಷ್ಟು ಭದ್ರವೋ ಅಷ್ಟು ಭದ್ರವಾದ ತಳಪಾಯವನ್ನು ಯಾವ ಗ್ಯಾರೇಜೂ ಮತ್ತೆ ಹಾಕಿಕೊಡಲಾರದು. ಹಾಗಂತ ಕ್ಲಿಯರ್ ಮೇಲೆ ಬರಿ ಬೇಸ್ ಕೋಟ್ (ಬಣ್ಣದ ಪದರ) ಹೊಡೆದು ಬಿಡುವಂತೆಯೂ ಇಲ್ಲ. ಬೇಸ್ ಕೋಟಿಗೆ ತನ್ನದೇ ಹೊಳಪಿಲ್ಲ, ಬಿಸಿಲು ತಡೆಯುವ ಶಕ್ತಿಯಿಲ್ಲ. ಪಾಲಿಶ್ ಪ್ಯಾಡ್ ತಾಗಿದ ಕೂಡಲೇ ಬಣ್ಣ ಪ್ಯಾಡಿಗೆ ಬರುತ್ತದೆ. ಸರಿಯಾದ ದಾರಿ ಇದು: ಹಳೆ ಕ್ಲಿಯರ್ ಉಜ್ಜಿ ಮಂಕು ಮಾಡುವುದು, ಅದರ ಮೇಲೆ ಪಟ್ಟೆಯ ಬೇಸ್, ಅದರ ಮೇಲೆ ಇಡೀ ಪ್ಯಾನೆಲಿಗೆ ಹೊಸ ಕ್ಲಿಯರ್. ಪಟ್ಟೆಯ ಮೇಲಷ್ಟೇ ಕ್ಲಿಯರ್ ಹೊಡೆದು ಸುತ್ತ ಕರಗಿಸಿ ಬಿಟ್ಟರೆ, ಆ ಕರಗಿಸಿದ ಗಡಿ ವರ್ಷದೊಳಗೆ ಮಂಕಾಗಿ ಏಳಲು ಶುರುವಾಗುತ್ತದೆ.

ಮೊದಲು ಪೇಂಟಿನ ದಪ್ಪ ಅಳೆಸಿ. ಈ ಮಾಡೆಲಿನ ಬಾನೆಟ್ ಮತ್ತು ಮುಂದಿನ ಫೆಂಡರುಗಳು ಅಲ್ಯೂಮಿನಿಯಂ, ಹಾಗಾಗಿ ಅಯಸ್ಕಾಂತದ ಮೀಟರ್ ಅಲ್ಲಿ ಕೆಲಸ ಮಾಡುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಓದುವ ಮೀಟರ್ ಬೇಕು. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್) ತೋರಿಸುತ್ತದೆ. ಪಟ್ಟೆ ಮತ್ತು ಕ್ಲಿಯರ್ ಎಲ್ಲ ಸೇರಿ ಅದರ ಮೇಲೆ ಇನ್ನೂ ನೂರರಷ್ಟು ಏರುತ್ತದೆ. ಈಗಲೇ 250–300 ಇದ್ದರೆ ಆ ಪ್ಯಾನೆಲ್ ಒಮ್ಮೆ ರೀಪೇಂಟ್ ಆಗಿದೆ ಎಂದರ್ಥ. ಅದರ ಮೇಲೆ ಮತ್ತೆ ಹೇರಿದರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಅಂಥ ಪ್ಯಾನೆಲಿನ ಹಳೆ ಪೇಂಟನ್ನು ಮಾತ್ರ ಮೊದಲು ಕೆರೆದು ತೆಗೆಯಬೇಕಾಗುತ್ತದೆ.

ಇನ್ನು ಅಗಲ. ಮಾದರಿಗೆ 1965ರ ಶೆಲ್ಬಿ ಜಿಟಿ350 (ಮಸ್ಟಾಂಗಿನದೇ ರೇಸಿಂಗ್ ರೂಪ) ಇದೆ: ವಿಂಬಲ್ಡನ್ ವೈಟ್ ಮೈಬಣ್ಣ, ಗಾರ್ಡ್ಸ್‌ಮನ್ ಬ್ಲೂ ಪಟ್ಟೆ, ಒಂದೊಂದೂ ಸುಮಾರು 10 ಇಂಚು. ಅದಕ್ಕೂ ಹಿಂದೆ, 1951ರಲ್ಲಿ ಫ್ರಾನ್ಸಿನ ಲೆಮಾನ್ಸ್ ರೇಸಿನಲ್ಲಿ ಬ್ರಿಗ್ಸ್ ಕನಿಂಗ್‌ಹ್ಯಾಮ್ ತಂಡದ ಕಾರುಗಳು ಅಮೆರಿಕದ ರೇಸಿಂಗ್ ಬಣ್ಣವಾದ ಬಿಳಿ–ನೀಲಿಯಲ್ಲಿ ಓಡಿದ್ದವು. ನೀವು ಕೇಳಿದ್ದು ಅದೇ ಜೋಡಿ, ತಿರುವುಮುರುವಾಗಿ. ಚೆನ್ನಾಗಿ ಕಾಣುತ್ತದೆ.

ನಾನು ಹೇಳುವ ಲೆಕ್ಕ: ಪಟ್ಟೆ 250 ಮಿ.ಮೀ., ನಡುವಿನ ತೆರಪು 40 ಮಿ.ಮೀ. ಅಂದರೆ ನಡುಗೆರೆಯಿಂದ ಎರಡೂ ಬದಿಗೆ 20ಕ್ಕೆ ಒಳ ಅಂಚು, 270ಕ್ಕೆ ಹೊರ ಅಂಚು. ಹೊರಗಡೆ ತೆಳು ಗೆರೆಯೂ ಬೇಕಿದ್ದರೆ 276ರಿಂದ 282. ಆದರೆ ಹೊರ ಅಂಚು ಬಾನೆಟ್ಟಿನ ಉಬ್ಬು ಮಡಿಕೆಯ ನೆತ್ತಿ ಮೇಲೆ ಬಂದು ಕೂರುವ ಹಾಗಿದ್ದರೆ 10 ಮಿ.ಮೀ. ಒಳಗೋ ಹೊರಗೋ ಸರಿಸಿ. ಮಡಿಕೆಯ ನೆತ್ತಿಯಲ್ಲಿ ಟೇಪ್ ಸರಿಯಾಗಿ ಕೂರುವುದಿಲ್ಲ, ಮುಂದೆ ಉಜ್ಜುವಾಗ ಮೊದಲು ಸವೆಯುವುದೂ ಆ ನೆತ್ತಿಯೇ.

ನಡುಗೆರೆ ಹಿಡಿಯುವುದಕ್ಕೆ ಅರ್ಧ ದಿನ ಹೋದರೂ ಹೋಗಲಿ. ಕುದುರೆ ಲಾಂಛನ, ಬಾನೆಟ್ ಲಾಕ್, ವೈಪರ್ ನೀರಿನ ನಳಿಕೆ ಇವನ್ನು ನಂಬಬೇಡಿ. ಇವು ನಡುವಿನಲ್ಲೇ ಇರಬೇಕೆಂದಿಲ್ಲ. ಬಾನೆಟ್ಟಿನ ಎಡ–ಬಲ ಅಂಚುಗಳಿಂದ ಮುಂದೆ, ಮಧ್ಯ, ಹಿಂದೆ ಮೂರು ಕಡೆ ಅಳೆದು ಗುರುತು ಹಾಕಿ. ಚಾವಣಿ, ಡಿಕ್ಕಿ, ಬಂಪರುಗಳಿಗೂ ಹೀಗೇ. ಆಮೇಲೆ ಟೈಲ್ಸ್ ಕೆಲಸದವರು ಬಳಸುವ ಲೇಸರ್ ಲೆವೆಲನ್ನು ಕಾರಿನ ಮುಂದೆ ನಿಲ್ಲಿಸಿ ಲಂಬ ಗೆರೆಯನ್ನು ಇಡೀ ಕಾರಿನ ಮೇಲೆ ಬಿಡಿ. ಎಲ್ಲ ಗುರುತೂ ಆ ಕೆಂಪು ಗೆರೆ ಮೇಲೆ ಬರಬೇಕು. ಬಾನೆಟ್ಟೊಂದೇ 3 ಮಿ.ಮೀ. ಪಕ್ಕಕ್ಕಿದ್ದರೆ ಟೇಪನ್ನು ವಾಲಿಸಬೇಡಿ. ಕೀಲು ಸಡಿಲಿಸಿ ಬಾನೆಟ್ಟಿನ ಸಂದು ಎರಡೂ ಕಡೆ ಸಮ ಮಾಡಿ, ಮತ್ತೆ ಅಳೆಯಿರಿ. ಪಟ್ಟೆ ಇಲ್ಲದ ಕಾರಿನಲ್ಲಿ ಈ 3 ಮಿ.ಮೀ. ಯಾರ ಕಣ್ಣಿಗೂ ಬೀಳುವುದಿಲ್ಲ, ಪಟ್ಟೆ ಬಂದ ಮೇಲೆ ಎಲ್ಲರಿಗೂ ಕಾಣುತ್ತದೆ.

ಅಳತೆ ಒಪ್ಪಿಗೆಯಾದ ಮೇಲೆ ಗುರುತುಗಳನ್ನು ಕಾಗದಕ್ಕೆ ಇಳಿಸಿ. ಗ್ರಿಲ್, ಲಾಂಛನ, ನಳಿಕೆ, ರಬ್ಬರ್ ಎಲ್ಲ ಬಿಚ್ಚಿ. ಮೊದಲು ಮೇಣ–ಜಿಡ್ಡು ತೆಗೆಯುವ ದ್ರವದಿಂದ ಒರೆಸಿ, ಆಮೇಲೆ ಉಜ್ಜಿ. ಈ ಕ್ರಮ ತಪ್ಪಿದರೆ ಹಳೆ ಪಾಲಿಶಿನ ಸಿಲಿಕೋನ್ ಎಮರಿ ಗೀರುಗಳ ಒಳಗೆ ಸೇರಿಕೊಂಡು ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಪಟ್ಟೆ ಬರುವ ಜಾಗಕ್ಕೆ 800 ನಂಬರ್ ಎಮರಿ ಕಾಗದ, ನೀಲಿಯಾಗೇ ಉಳಿಯುವ ಜಾಗಕ್ಕೆ 1000, ಅಂಚು ಮತ್ತು ಮಡಿಕೆಗಳಿಗೆ ಬೂದು ಸ್ಕಫ್ ಪ್ಯಾಡ್ (ನಾರಿನ ಉಜ್ಜುವ ಪ್ಯಾಡ್) ಮಾತ್ರ. ಎಲ್ಲೂ ಹೊಳಪಿನ ಚುಕ್ಕೆ ಉಳಿಯಬಾರದು.

ಪಟ್ಟೆಯ ಅಂಚಿಗೆ 6 ಮಿ.ಮೀ. ಪ್ಲಾಸ್ಟಿಕ್ ಫೈನ್‌ಲೈನ್ ಟೇಪೇ ಬೇಕು. ಕಾಗದದ ಮಾಸ್ಕಿಂಗ್ ಟೇಪಿನ ಮೈ ಸುಕ್ಕುಸುಕ್ಕು, ಅದರಡಿ ಬಣ್ಣ ನುಗ್ಗಿ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಒಂದು ತುದಿ ಒತ್ತಿ ಹಿಡಿದು, ಸುರುಳಿಯನ್ನು ಒಂದು ಮೀಟರ್ ಬಿಚ್ಚಿ, ಗಾಳಿಯಲ್ಲೇ ನೇರ ಮಾಡಿಕೊಂಡು ಇಳಿಸಬೇಕು. ಬೆರಳಿನಿಂದ ಇಂಚಿಂಚೇ ಒತ್ತುತ್ತಾ ಹೋದರೆ ಗೆರೆ ಅಲೆಯಾಗುತ್ತದೆ. ಸಂದುಗಳಲ್ಲಿ ಟೇಪನ್ನು ಒಂದೇ ಓಟದಲ್ಲಿ ದಾಟಿಸಿ, ಆಮೇಲೆ ಸಂದಿನ ನಡುವೆ ಕತ್ತರಿಸಿ ಎರಡೂ ಕಡೆ ಒಳಕ್ಕೆ ಮಡಚಿ. ಬಾನೆಟ್ ಎತ್ತಿದಾಗ ಪಟ್ಟೆ ಒಳ ಅಂಚಿನ ತನಕ ಹೋಗಿರಬೇಕು. ಬಂಪರಿನ ಬಾಗಿನಲ್ಲಿ ಅಳತೆಗೆ ಸರಿಯಿರುವ ಗೆರೆಯೂ ಕಣ್ಣಿಗೆ ಬಿಲ್ಲಿನಂತೆ ಕಾಣಬಹುದು. ಹದಿನೈದು ಅಡಿ ಹಿಂದೆ ನಿಂತು, ಒಮ್ಮೆ ನಿಂತ ಎತ್ತರದಿಂದ, ಒಮ್ಮೆ ಕೂತ ಎತ್ತರದಿಂದ ನೋಡಿ ತಿದ್ದಿ. ಆ ಜಾಗದಲ್ಲಿ ಕಣ್ಣು ಹೇಳಿದ್ದೇ ಕೊನೆ ಮಾತು.

ಹೊಡೆಯುವಾಗ ಮೊದಲ ಪದರ ಬಿಳಿಯಲ್ಲ, ಬಣ್ಣ ಬೆರೆಸದ ಬೇಸ್ ಬೈಂಡರ್. ಟೇಪಿನ ಅಂಚಿಗೆ ತೆಳ್ಳಗೆ ಒಂದು ಸಲ. ಟೇಪಿನಡಿ ಏನಾದರೂ ನುಗ್ಗಿದರೆ ಅದೇ ನುಗ್ಗಿ ಕಿಂಡಿ ಮುಚ್ಚುತ್ತದೆ, ಪಾರದರ್ಶಕವಾದ್ದರಿಂದ ಕಾಣುವುದಿಲ್ಲ. ನೀಲಿ ಮೇಲೆ ಬಿಳಿ ಬೇಗ ಮುಚ್ಚುವುದಿಲ್ಲ. ನೇರ ಬಿಳಿಯೇ ಹೊಡೆದರೆ ಐದಾರು ಪದರ ಬೇಕಾಗಿ ಅಂಚು ಗೋಡೆಯಾಗುತ್ತದೆ. ಅದಕ್ಕೇ ಮೊದಲು ತಿಳಿ ಬೂದು ಬೇಸ್ ಒಂದು ಪದರ, ಆಮೇಲೆ ಬಿಳಿ ತೆಳುವಾಗಿ ಎರಡು ಮೂರು. ಪದರಗಳ ನಡುವೆ ಮೇಲ್ಮೈ ಪೂರ್ತಿ ಮಂಕಾಗುವ ತನಕ ಕಾಯಿರಿ, 25 ಡಿಗ್ರಿಯಲ್ಲಿ 10–15 ನಿಮಿಷ. ಸ್ಪ್ರೇ ಗನ್ 1.3 ಮಿ.ಮೀ. ನಳಿಕೆಯದು, ದೂರ 15–20 ಸೆ.ಮೀ. ಗನ್ನಿನ ಮುಖ ಟೇಪಿನ ಕಡೆಯಿಂದ ಪಟ್ಟೆಯ ಒಳಕ್ಕೆ ಇರಲಿ. ಎದುರು ಹೊಡೆದರೆ ಗಾಳಿಯೇ ಬಣ್ಣವನ್ನು ಟೇಪಿನಡಿಗೆ ತಳ್ಳುತ್ತದೆ.

ಟೇಪ್ ತೆಗೆಯುವ ಹೊತ್ತು ತಪ್ಪಬಾರದು. ಕೊನೆ ಪದರ ಮಂಕಾಗಿ, ಬೆರಳಿಗೆ ಅಂಟದಂತಿರುವಾಗ, ಅಂದರೆ 20–30 ನಿಮಿಷಕ್ಕೆ, ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಎಳೆದರೆ ಬಣ್ಣ ಒಣಗಿ ಗಡುಸಾಗಿ ಅಂಚು ಚಕ್ಕೆ ಏಳುತ್ತದೆ. ಹೆಚ್ಚಿನ ಬೇಸುಗಳಿಗೆ 24 ಗಂಟೆಯೊಳಗೆ ಕ್ಲಿಯರ್ ಬೀಳಬೇಕು. ಆ ಪೇಂಟಿನ ಡೇಟಾಶೀಟಿನಲ್ಲಿ ಏನಿದೆಯೋ ಅದೇ ಅಂತಿಮ. ಹೊತ್ತು ಮೀರಿದರೆ ಬೇಸ್ ಉಜ್ಜಿ ಮತ್ತೊಂದು ತೆಳು ಪದರ ಹೊಡೆದೇ ಮುಂದೆ ಹೋಗಬೇಕು.

ಕೈಗೆ ಅಂಚು ಸಿಗಬಾರದು ಅಂದಿರಲ್ಲ, ಅದು ಒಂದೇ ಸಲದ ಕ್ಲಿಯರಿನಲ್ಲಿ ಆಗುವುದಿಲ್ಲ. ಬೇಸಿನ ಅಂಚು 20–30 ಮೈಕ್ರಾನ್ ಎತ್ತರ ಇರುತ್ತದೆ, ಎರಡು ಪದರ ಕ್ಲಿಯರ್ ಅದನ್ನು ಮುಚ್ಚುತ್ತದೆಯೇ ಹೊರತು ಸಮ ಮಾಡುವುದಿಲ್ಲ. ಎರಡು ಪದರ ಹೊಡೆದು, ಲೋಹದ ಪ್ಯಾನೆಲುಗಳನ್ನು 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ತಣ್ಣಗಾದ ಮೇಲೆ 1000 ವಾಟರ್ ಪೇಪರನ್ನು ಗಟ್ಟಿ ಬ್ಲಾಕಿಗೆ ಸುತ್ತಿ ಅಂಚನ್ನು ಇಳಿಸಬೇಕು. ಬರಿ ಬೆರಳಲ್ಲಿ ಉಜ್ಜಿದರೆ ಮೆಟ್ಟಿಲು ಹಾಗೇ ಉಳಿದು ಪಕ್ಕದಲ್ಲಿ ಹಳ್ಳ ಬೀಳುತ್ತದೆ. ಉಜ್ಜಿದ ನೀರು ಹಾಲಿನಂತಿರುತ್ತದೆ. ಪಟ್ಟೆ ಬಿಳಿಯಾದ್ದರಿಂದ ಕ್ಲಿಯರ್ ಕಳೆದು ಬಣ್ಣ ಬರುತ್ತಿದೆಯೋ ಎಂದು ನೀರು ನೋಡಿ ತಿಳಿಯುವುದಿಲ್ಲ. ಹಾಗಾಗಿ ನಾಲ್ಕೈದು ಸಲ ಎಳೆದು, ಒರೆಸಿ, ಉಗುರು ಅಡ್ಡ ಎಳೆದು ನೋಡಿ. ಉಗುರು ತಡೆಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದರ ಮೇಲೆ ಇನ್ನೆರಡು ಪದರ ಕ್ಲಿಯರ್, ಪೂರ್ತಿ ಗಟ್ಟಿಯಾದ ಮೇಲೆ 2000, 3000, ಪಾಲಿಶ್.

ಸಾಮಾನು: ಪಟ್ಟೆಯ ವಿಸ್ತೀರ್ಣ ಗಾಜು ಕಳೆದು ಸುಮಾರು 1.75 ಚದರ ಮೀಟರ್. ಥಿನ್ನರ್ ಬೆರೆಸಿದ ಲೆಕ್ಕದಲ್ಲಿ ಬಿಳಿ 600 ಮಿ.ಲೀ., ಬೂದು 200 ಮಿ.ಲೀ. ಸಾಕು. ಕ್ಲಿಯರ್ ಬಾನೆಟ್, ಚಾವಣಿ, ಡಿಕ್ಕಿ, ಎರಡು ಬಂಪರ್ ಸೇರಿ ಆರು ಚದರ ಮೀಟರಿನಷ್ಟಾಗುತ್ತದೆ: ಎರಡು ಸುತ್ತಿಗೆ ಹಾರ್ಡನರ್ (ಕ್ಲಿಯರ್ ಗಟ್ಟಿಯಾಗಲು ಬೆರೆಸುವ ದ್ರವ) ಸೇರಿ 3 ಲೀಟರ್ ಇಟ್ಟುಕೊಳ್ಳಿ. ಕ್ಲಿಯರ್, ಹಾರ್ಡನರ್, ಥಿನ್ನರ್ ಒಂದೇ ಕಂಪನಿಯದಾಗಿರಲಿ.

ಆರ್‌ಸಿ: ಅದರಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ. ನೀಲಿ ಕಾರು ನೀಲಿಯಾಗೇ ಉಳಿದು ಮೇಲೆ ಪಟ್ಟೆ ಬರುವುದು ಬೇರೆ, ಮುಖ್ಯ ಬಣ್ಣವೇ ಬದಲಾಗುವುದು ಬೇರೆ. ಎರಡನೆಯದಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಲೇಬೇಕು. ಸೈನ್ಯದ ಆಲಿವ್ ಹಸಿರನ್ನು ಖಾಸಗಿ ವಾಹನಕ್ಕೆ ಬಳಿಯುವಂತಿಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ. ವಿಮೆಯವರಿಗೂ ಪಟ್ಟೆಯ ವಿಷಯ ಬರವಣಿಗೆಯಲ್ಲಿ ತಿಳಿಸಿಡಿ. ನಾಳೆ ಬಾನೆಟ್ ಬದಲಿಸಬೇಕಾಗಿ ಬಂದರೆ ಪಟ್ಟೆಯ ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ.

ಇನ್ನೊಂದು ಉತ್ತರ – ವಿನೈಲ್ ಕೆಲಸದವರು

ಪೇಂಟರ್ ಹೇಳಿದ ಕ್ರಮ ಸರಿ. ಆದರೂ ಇಷ್ಟು ಒಳ್ಳೆಯ ಕಂಪನಿ ಕ್ಲಿಯರನ್ನು ಉಜ್ಜುವ ಮೊದಲು ಯೋಚಿಸಿ ಎನ್ನುತ್ತೇನೆ, ಏಕೆಂದರೆ ಅದು ಮತ್ತೆ ಬರುವುದಿಲ್ಲ. ಕಾಸ್ಟ್ ವಿನೈಲ್ (ಎರಕ ಹೊಯ್ದು ಮಾಡಿದ ಸ್ಟಿಕ್ಕರ್ ಹಾಳೆ) ಸುಮಾರು 50 ಮೈಕ್ರಾನ್, ತೊಳೆಯುವಾಗ ಅಂಚು ಕೈಗೆ ತಾಗುತ್ತದೆ, ಅದು ನಿಜ. ಆದರೆ ಮಾರುವಾಗ ತೆಗೆಯಬಹುದು. ಅಗ್ಗದ ಕ್ಯಾಲೆಂಡರ್ಡ್ (ರೋಲರುಗಳ ನಡುವೆ ಒತ್ತಿ ಮಾಡಿದ) ಹಾಳೆ ಬೇಡ. ಅದು ಕುಗ್ಗುತ್ತದೆ, ಅಂಚಲ್ಲಿ ಅಂಟಿನ ಕಪ್ಪು ಗೆರೆ ಬಿಡುತ್ತದೆ. ನಮ್ಮ ಬಿಸಿಲಿಗೆ ಬಾನೆಟ್, ಚಾವಣಿಯಂಥ ಮಲಗಿದ ಮೈ ಮೇಲೆ ವಿನೈಲ್ ಬಾಗಿಲಿಗಿಂತ ಬೇಗ ಹಳತಾಗುತ್ತದೆ. ಬಿರುಕು ಬಿಡುವ ತನಕ ಕಾದರೆ ಚೂರುಚೂರಾಗಿ ಬರುತ್ತದೆ. ಮುಖ್ಯವಾಗಿ, ಅಡಿಯ ನೀಲಿ ಮಾಸದೆ ಸುತ್ತಲಿನದು ಮಾಸಿ, ಕಿತ್ತ ಮೇಲೂ ಪಟ್ಟೆಯ ನೆರಳು ಉಳಿಯಬಹುದು. ಹತ್ತು ವರ್ಷ ಇಟ್ಟುಕೊಳ್ಳುವ ಕಾರಾದರೆ ಪೇಂಟೇ ಮಾಡಿಸಿ. ಮೂರು ವರ್ಷಕ್ಕೆ ಮಾರುವುದಾದರೆ ಬೇಡ.

ಪೇಂಟರ್

ಒಪ್ಪುತ್ತೇನೆ. ಪಟ್ಟೆಯ ಅಗಲ ನಿರ್ಧಾರವಾಗದಿದ್ದರೂ ಮೊದಲು ವಿನೈಲಿನಲ್ಲಿ ಹಾಕಿಸಿ ಕೆಲವು ತಿಂಗಳು ನೋಡುವುದು ಒಳ್ಳೆಯದು.

ಮರುಪ್ರಶ್ನೆ – ಮಂಗಳೂರಿನಿಂದ

ನಮ್ಮಲ್ಲಿ ಜುಲೈನಲ್ಲಿ ಮಾಡಿಸಬಹುದಾ? ಶೆಡ್ ಇದೆ, ಬೂತ್ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) ಇಲ್ಲ.

ಉತ್ತರ – ಪೇಂಟರ್

ಬೇಡ. ಹಾರ್ಡನರಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಗಾಳಿಯ ತೇವದ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕ್ಲಿಯರಿನಲ್ಲಿ ಸೂಜಿಮೊನೆಯ ಗುಳ್ಳೆ, ಹೊಳಪು ಮಂಕು. ಕಂಪ್ರೆಸರಿನ ನೀರು ಇನ್ನೊಂದು ಕಾಟ: ಟ್ಯಾಂಕಿನ ಅಡಿ ದಿನವೂ ಬಿಚ್ಚಿ ಬಸಿಯಬೇಕು, ಗನ್ನಿನ ಮುಂಚೆ ನೀರು–ಎಣ್ಣೆ ಎರಡನ್ನೂ ಹಿಡಿಯುವ ಫಿಲ್ಟರ್ ಇರಬೇಕು. ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ. ಶೆಡ್ಡಾದರೆ ನೆಲ ಒದ್ದೆ ಮಾಡಿ ಧೂಳು ಕೂರಿಸಬಹುದು. ಆದರೆ ಹಾರ್ಡನರ್ ಬೆರೆಸಿದ ಕ್ಲಿಯರನ್ನು ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆಯಲು ಯಾರಿಗೂ ಬಿಡಬೇಡಿ. ಐಸೊಸೈನೇಟಿನಿಂದ ಬರುವ ಆಸ್ತಮಾ ಹೋಗುವ ಕಾಯಿಲೆಯಲ್ಲ, ಒಮ್ಮೆ ಮೈಗೆ ಒಗ್ಗದಾದರೆ ಆಮೇಲೆ ಅತಿ ಸ್ವಲ್ಪಕ್ಕೂ ಉಸಿರು ಕಟ್ಟುತ್ತದೆ. ಹೊರಗಿನ ಶುದ್ಧ ಗಾಳಿ ಕೊಡುವ ಮುಖಕವಚವೇ ಬೇಕು.

ಮರುಪ್ರಶ್ನೆ

ಪಟ್ಟೆ ಬೇಡ, ಚಾವಣಿ, ಕನ್ನಡಿ, ಹಿಂದಿನ ಸ್ಪಾಯ್ಲರ್ ಮಾತ್ರ ಕಪ್ಪು ಮಾಡಿಸುವುದಾದರೆ?

ಉತ್ತರ – ಪೇಂಟರ್

ಸ್ಪಾಯ್ಲರ್, ಕನ್ನಡಿ ಕವಚ ಬಿಚ್ಚಿ ಬರುವ ಸಾಮಾನು, ಸುಲಭ. ಚಾವಣಿಯಲ್ಲಿ ಕೇಳಬೇಕಾದ್ದು ಒಂದೇ: ಕಪ್ಪು ಎಲ್ಲಿ ನಿಲ್ಲುತ್ತದೆ? ಬದಿಯ ಮೋಲ್ಡಿಂಗ್ ಪಟ್ಟಿ, ಗಾಜಿನ ರಬ್ಬರ್, ಮಡಿಕೆ, ಇಂಥದೊಂದು ಸಹಜ ಗಡಿಯಲ್ಲೇ ನಿಲ್ಲಬೇಕು. ರಬ್ಬರನ್ನು ಬಿಚ್ಚದೆ ಅದರ ಸುತ್ತ ಟೇಪ್ ಹಚ್ಚಿ ಹೊಡೆದರೆ ಕ್ಲಿಯರಿನ ತುಟಿ ಉಳಿದು, ಪ್ರೆಶರ್ ವಾಶಿನಲ್ಲಿ ಅಲ್ಲಿಂದಲೇ ಏಳುತ್ತದೆ. ಬಂಪರ್ ಪೇಂಟ್ ಮಾಡಿಸುವವರು ಒಂದು ನೆನಪಿಡಿ: ಬಂಪರಿನ ಒಳಬದಿಯಲ್ಲಿ ರೇಡಾರ್ ಇರುವ ಜಾಗಕ್ಕೆ ದಪ್ಪ ಪೇಂಟ್, ಅದರಲ್ಲೂ ಮೆಟಾಲಿಕ್ ಬಂದರೆ ಅದು ಸರಿಯಾಗಿ ನೋಡುವುದಿಲ್ಲ. ಪಾರ್ಕಿಂಗ್ ಸೆನ್ಸರುಗಳನ್ನು ಬಿಚ್ಚಿ, ಬೇರೆಯಾಗಿ ತೆಳ್ಳಗೆ ಹೊಡೆಯಬೇಕು.

ಮೊದಲ ಪ್ರಶ್ನೆ ಕೇಳಿದವರು

ಧನ್ಯವಾದ. ಮುಗಿದ ಮೇಲೆ ತೊಳೆಯುವುದು, ಪಿಪಿಎಫ್ (ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸುವುದು ಯಾವಾಗ?

ಪೇಂಟರ್

ಬೇಯಿಸಿದ ಪೇಂಟಾದರೂ ಒಂದು ವಾರ ಶಾಂಪೂ ಬೇಡ, ಬರಿ ನೀರು. ಹಕ್ಕಿ ಹಿಕ್ಕೆ ಬಿದ್ದರೆ ಆಗಲೇ ತೊಳೆಯಿರಿ. ಮೇಣ, ಸೆರಾಮಿಕ್ ಲೇಪನ, ಪಿಪಿಎಫ್ ಎಲ್ಲ 30 ದಿನ ಕಳೆದ ಮೇಲೆ. ದ್ರಾವಕ ಪೂರ್ತಿ ಹೊರಗೆ ಬರುವ ಮೊದಲು ಫಿಲ್ಮ್ ಮುಚ್ಚಿದರೆ ಅದರಡಿ ಗುಳ್ಳೆ ಏಳುತ್ತದೆ, ಫಿಲ್ಮ್ ಕೀಳುವಾಗ ಕ್ಲಿಯರೂ ಜೊತೆಗೆ ಬರಬಹುದು.