ನಿರುದ್ಯೋಗ ಇಳಿದಿದೆಯಂತೆ, ನಮ್ಮಣ್ಣ ಇನ್ನೂ ಮನೆಯಲ್ಲೇ ಇದ್ದಾನೆ. ಇದ್ಯಾವ ಲೆಕ್ಕ?

ಗೋಡೆಗಡಿಯಾರ:
ನಮ್ಮಣ್ಣನ ಕೆಲಸ ಹೋಗಿ ಎಂಟು ತಿಂಗಳಾಯ್ತು. ಮೊದಮೊದಲು ದಿನಾ ಅರ್ಜಿ ಹಾಕುತ್ತಿದ್ದ, ಈಗ ಬೇಸತ್ತು ಕೈಬಿಟ್ಟಿದ್ದಾನೆ. ಅವನ ಗೆಳೆಯ ಇಂಜಿನಿಯರಿಂಗ್ ಓದಿದವನು, ವಾರಕ್ಕೆರಡು ದಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾನೆ. ಸುದ್ದಿಯಲ್ಲಿ ನೋಡಿದರೆ ನಿರುದ್ಯೋಗ ದರ ಇಳಿದಿದೆ ಅಂತಾರೆ. ಅಂಕಿ ತಿದ್ದುತ್ತಾರಾ?

ಹಳೇಗಣತಿ:
ತಿದ್ದುವ ಅಗತ್ಯವೇ ಇಲ್ಲ. ಎರಡು ವರ್ಷ ಮನೆಮನೆ ಸುತ್ತಿ ಈ ದರ ಲೆಕ್ಕ ಹಾಕುವಂಥದೇ ಸಮೀಕ್ಷೆಯ ಪ್ರಶ್ನಾವಳಿ ತುಂಬಿದವಳು ನಾನು. ನಿರುದ್ಯೋಗಿ ಅಂತ ಬರೆದುಕೊಳ್ಳಬೇಕಾದರೆ ಮೂರೂ ಸೇರಬೇಕು: ಕೆಲಸ ಇರಬಾರದು, ಸಿಕ್ಕರೆ ಮಾಡಲು ತಯಾರಿರಬೇಕು, ಇತ್ತೀಚೆಗೆ ಹುಡುಕಿರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯಾಖ್ಯೆಯೂ ಇದೇ. ಅಮೆರಿಕದಲ್ಲಿ 'ಇತ್ತೀಚೆಗೆ' ಅಂದರೆ ಕಳೆದ 4 ವಾರ. ನಿಮ್ಮಣ್ಣ ಹುಡುಕುವುದು ನಿಲ್ಲಿಸಿದ ಮೇಲೆ ನಿರುದ್ಯೋಗಿಯಲ್ಲ, 'ಕಾರ್ಮಿಕ ಬಲದ ಹೊರಗಿನವನು'.

ಒಂದು ಲೆಕ್ಕ ಹಾಕಿ ನೋಡಿ. ವಯಸ್ಕರು 100. ಕೆಲಸದಲ್ಲಿರುವವರು 54, ಹುಡುಕುತ್ತಿರುವವರು 6. ಇವೆರಡೂ ಸೇರಿದ್ದೇ ಕಾರ್ಮಿಕ ಬಲ, 60. ದರ ಎಂದರೆ ಆ 60ಕ್ಕೆ 6, ಶೇ 10. ಆ ಆರರಲ್ಲಿ ಮೂವರು ಆಸೆ ಬಿಟ್ಟರು ಅನ್ನಿ. ಈಗ 57ಕ್ಕೆ 3, ಶೇ 5.3. ಅಂಶದ ಜೊತೆಗೆ ಛೇದವೂ ಕುಗ್ಗಿತು. ಒಂದೇ ಒಂದು ಹೊಸ ಕೆಲಸ ಹುಟ್ಟಲಿಲ್ಲ, ದರ ಮಾತ್ರ ಅರ್ಧಕ್ಕಿಳಿಯಿತು. ಅದಕ್ಕೇ ನಾನು ಮೊದಲು ನೋಡುವುದು 100ಕ್ಕೆ ಎಷ್ಟು ಜನ ಕೆಲಸದಲ್ಲಿದ್ದಾರೆ ಅಂತ. ಆಗಲೂ 54, ಈಗಲೂ 54.

ಗೆಳೆಯನದು ಇನ್ನೊಂದು ಕಥೆ. ಸಮೀಕ್ಷೆ ಕೇಳುವ ವಾರದಲ್ಲಿ ಒಂದು ಗಂಟೆ ಸಂಬಳಕ್ಕೆ ದುಡಿದರೂ ಸಾಕು, 'ಉದ್ಯೋಗಸ್ಥ'. ನನ್ನ ಗುತ್ತಿಗೆ ಮುಗಿದ ಮೇಲೆ ವಾರಕ್ಕೆ ಎರಡು ಗಂಟೆ ಪಕ್ಕದ ಮನೆ ಹುಡುಗಿಗೆ ಗಣಿತ ಹೇಳಿಕೊಡುತ್ತಿದ್ದೆ. ನನ್ನ ಮನೆಗೆ ಯಾರಾದರೂ ಅದೇ ಪ್ರಶ್ನಾವಳಿ ಹಿಡಿದು ಬಂದಿದ್ದರೆ ನಾನೂ ಉದ್ಯೋಗಸ್ಥೆಯೇ! ಮನೆ ಬಾಡಿಗೆ ಅಪ್ಪ ಕಟ್ಟುತ್ತಿದ್ದರು, ಆ ಮಾತು ಬೇರೆ.

ಛೇದಪ್ರಿಯ:
ಒಂದು ಗಂಟೆಯ ನಿಯಮ ಯಾರನ್ನೋ ಮರೆಮಾಚಲು ಬಂದದ್ದಲ್ಲ ಮೇಡಂ. ದೇಶದ ಒಟ್ಟು ಉತ್ಪನ್ನದ ಹಿಂದಿರುವ ದುಡಿಮೆಯೆಲ್ಲ ಲೆಕ್ಕಕ್ಕೆ ಸಿಗಲಿ ಅಂತ ಬಂದದ್ದು. ತಪ್ಪು ಇರುವುದು ಆ ಅಂಕಿಯನ್ನು ಬದುಕಿನ ಅಳತೆಗೋಲು ಮಾಡಿಕೊಳ್ಳುವುದರಲ್ಲಿ. ಅಮೆರಿಕದವರು ಯು-1ರಿಂದ ಯು-6ರವರೆಗೆ ನಿರುದ್ಯೋಗದ ಆರು ಅಳತೆ ಪ್ರಕಟಿಸುತ್ತಾರೆ. ಸುದ್ದಿಯಾಗುವುದು ಯು-3, ನೀವು ಮೇಲೆ ಲೆಕ್ಕ ಹಾಕಿದಂಥದ್ದೇ. ಆಸೆ ಬಿಟ್ಟವರು, ಪೂರ್ಣಾವಧಿ ಕೆಲಸ ಸಿಗದೆ ಅರೆಕಾಲಿಕ ಮಾಡುವವರು ಯು-6ರಲ್ಲಿ ಸೇರುತ್ತಾರೆ.

ಹಳೇಗಣತಿ:
ನಿಯಮ ಸರಿ ಅಂತಲೇ ಇಟ್ಟುಕೊಳ್ಳೋಣ ಸಾರ್, ತುಂಬುವಾಗಲೂ ಎಡವಟ್ಟಾಗುತ್ತೆ. 2020ರ ಏಪ್ರಿಲ್‌ನಲ್ಲಿ ಅಮೆರಿಕ ಶೇ 14.7 ಅಂತ ಪ್ರಕಟಿಸಿತು. ಕೋವಿಡ್‌ನಿಂದ ಕೆಲಸ ನಿಂತು ಮನೆಯಲ್ಲಿದ್ದ ಎಷ್ಟೋ ಜನರನ್ನು 'ಕೆಲಸವಿದೆ, ಬೇರೆ ಕಾರಣಕ್ಕೆ ಗೈರು' ಅಂತ ಬರೆದುಕೊಂಡಿದ್ದರು. ಅವರನ್ನು ಸರಿಯಾದ ಕಡೆ ಹಾಕಿದ್ದರೆ ದರ ಇನ್ನೂ ಸುಮಾರು 5 ಶೇಕಡಾ ಅಂಶ ಹೆಚ್ಚಿರುತ್ತಿತ್ತು ಅಂತ ಅಲ್ಲಿನ ಅಂಕಿಅಂಶ ಇಲಾಖೆಯೇ ಒಪ್ಪಿಕೊಂಡಿತು. ಬಾಗಿಲಲ್ಲಿ ನಿಂತು ಕೇಳುವವರಿಗೆ ಇದು ಗೊತ್ತು. 'ಕೆಲಸ ಇದೆಯಾ' ಅಂದರೆ ಜನ 'ಇದೆ, ಕರೀತಾರೆ' ಅಂತಾರೆ. ಇಲ್ಲ ಅನ್ನಲು ನಾಲಿಗೆ ಹೊರಳುವುದಿಲ್ಲ.

ಗೋಡೆಗಡಿಯಾರ:
ಹಾಗಾದರೆ ದರ ಇಳಿದದ್ದರಲ್ಲಿ ನಮ್ಮಣ್ಣನ ಪಾಲೂ ಇದೆ ಅಂತಾಯ್ತು.

ಹಳೇಗಣತಿ:
ಇರಬಹುದು. ನಾಳೆ ಧೈರ್ಯ ಮಾಡಿ ಮತ್ತೆ ಒಂದು ಅರ್ಜಿ ಹಾಕಿದನೆನ್ನಿ, ಅವನಂಥವರಿಂದಲೇ ದರ ಏರುತ್ತೆ. ಆಗ ಸುದ್ದಿಯವರು ಪರಿಸ್ಥಿತಿ ಕೆಟ್ಟಿತು ಅಂತ ಬರೀತಾರೆ.